ಅಟ್ಟದ ಸಾಮಾನು ಆನ್‌ಲೈನ್ ಹರಾಜಿಗೆ: ಕಾಸರಗೋಡಿನ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹಳೆ ಹೆಂಚಿನ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಮಕ್ಕಳು ಮಂಗಳೂರು, ಬೆಂಗಳೂರು, ದುಬೈ ಸೇರಿದ್ದಾರೆ. ಪಾಲುಪಟ್ಟಿಯಲ್ಲಿ ತೋಟ ಗದ್ದೆಗಳ ಲೆಕ್ಕ ಇರುತ್ತದೆ. ಅಟ್ಟದ ಮೇಲಿನ ಉರುಳಿ, ಗಿಂಡಿ, ನಾಣ್ಯದ ಡಬ್ಬಿ, ಕಾಗದದ ಕಟ್ಟುಗಳ ಮಾತು ಬರುವುದೇ ಇಲ್ಲ. ಕೊನೆಗೆ ಗುಜರಿಯವರ ಟೆಂಪೋ ಬಂದು ಕಿಲೋ ಲೆಕ್ಕದಲ್ಲಿ ಎಲ್ಲವನ್ನೂ ಒಯ್ಯುತ್ತದೆ. ಅವುಗಳಲ್ಲಿ ಒಳ್ಳೆಯವು ಕೊಚ್ಚಿಯ ಮಟ್ಟಾಂಚೇರಿಯಂಥ ಕಡೆ ಅಂಗಡಿಯ ಗಾಜಿನ ಹಿಂದೆ ಬೇರೆಯೇ ಬೆಲೆಗೆ ಕುಳಿತುಕೊಳ್ಳುತ್ತವೆ. ಮಾರಲೇಬೇಕು ಎಂದಾದರೆ ಮನೆಯವರೇ ತಿಳಿದುಕೊಂಡು ಮಾರಲಿ, ಮಾರಬಾರದ್ದನ್ನು ಮಾರದಿರಲಿ ಎಂಬ ಆಸೆಯಿಂದ ಈ ಪ್ರಶ್ನೋತ್ತರವನ್ನು ಬರೆದಿದ್ದೇನೆ.

ಮನೆ ಖಾಲಿ ಮಾಡಬೇಕು. ಮೊದಲು ಏನು ಮಾಡಲಿ?

ಯಾವುದನ್ನೂ ತೊಳೆಯಬೇಡಿ, ಯಾವುದನ್ನೂ ಕಟ್ಟು ಬಿಚ್ಚಿ ಬೇರೆ ಬೇರೆ ಮಾಡಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ವಸ್ತುವಿನ ಹೆಸರು, ಅಳತೆ, ತೂಕ, ಮೇಲೆ ಕೆತ್ತಿದ ಅಕ್ಷರ, ಯಾರ ಕಾಲದ್ದು ಎಂದು ಬರೆಯುತ್ತಾ ಹೋಗಿ. ಈ ಕೆಲಸ ಮಾಡುವಾಗ ಮನೆಯ ಹಿರಿಯರೊಬ್ಬರು ಹತ್ತಿರ ಇರಬೇಕು. "ಆ ಕೊಪ್ಪರಿಗೆ ನಮ್ಮ ಅತ್ತೆಯ ಮದುವೆಗೆ ಮಾಡಿಸಿದ್ದು, ಅದರ ಕಂಠದಲ್ಲಿ ಮಾವನ ಹೆಸರಿದೆ" ಎಂದು ಹೇಳಬಲ್ಲವರು ಅವರೊಬ್ಬರೇ. ಹರಾಜಿನಲ್ಲಿ ಕೊಳ್ಳುವವರು ಇಂಥ ವಿವರಕ್ಕೂ ದುಡ್ಡು ಕೊಡುತ್ತಾರೆ. ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಎಂಬುದು ಗೊತ್ತಿರುವ ವಸ್ತುವಿಗೂ ಊರು ಹೆಸರಿಲ್ಲದ ವಸ್ತುವಿಗೂ ಬೆಲೆಯಲ್ಲಿ ದೊಡ್ಡ ಅಂತರವಿದೆ.

ತೊಳೆಯಬಾರದು ಎಂದದ್ದನ್ನು ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಹಾಳಾಗುವುದು ಅಲ್ಲೇ. ಹುಣಸೆಹುಳಿ, ಬೂದಿ, ಪೇಟೆಯ ಪಾಲಿಶ್ ಹಾಕಿ ಉಜ್ಜಿದ ತಾಮ್ರದ ಕಾಸು ಫಳಫಳ ಹೊಳೆಯುತ್ತದೆ. ಸಂಗ್ರಹಕಾರ ಅದನ್ನು ಮುಟ್ಟುವುದಿಲ್ಲ. ಹಲವು ದಶಕ ಕೂತು ಬಂದ ಕಂದು ಬಣ್ಣದ ಪದರವೇ ಅದರ ವಯಸ್ಸಿನ ಸಾಕ್ಷಿ. ಕಂಚಿನ ದೀಪ, ಗಿಂಡಿಗಳಿಗೂ ಇದೇ ಮಾತು. ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ಅಜ್ಜನ ಮನೆಯಲ್ಲಿ ಈಗ ಇರುವುದು ನಾನು. ಸಾಮಾನು ಮಾರಲು ಬೇರೆಯವರನ್ನು ಕೇಳಬೇಕೇ?

ಕೇಳಬೇಕು. ಮನೆಯಲ್ಲಿ ವಾಸವಿರುವುದಕ್ಕೂ ಸಾಮಾನಿನ ಮಾಲೀಕತ್ವಕ್ಕೂ ಸಂಬಂಧವಿಲ್ಲ. ಮರಣಶಾಸನ ಇದ್ದರೆ ಅದರಲ್ಲಿ ಚರಸೊತ್ತಿನ ಬಗ್ಗೆ ಏನಿದೆ ನೋಡಿ. ಇಲ್ಲದಿದ್ದರೆ ಹಿಂದೂ ಕುಟುಂಬಗಳಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹಕ್ಕಿದೆ. ಮದುವೆಯಾಗಿ ಪುತ್ತೂರಿಗೋ ಸುಳ್ಯಕ್ಕೋ ಹೋದ ಅಕ್ಕ ತಂಗಿಯರನ್ನು ಈ ವಿಷಯದಲ್ಲಿ ಮರೆಯುವವರು ತುಂಬ ಜನ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ಕಾನೂನು ಅನ್ವಯಿಸುತ್ತದೆ.

ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯ) ಮನೆಗಳವರು ಇನ್ನೊಂದು ಸಂಗತಿ ತಿಳಿದಿರಬೇಕು. ನಾವು 1956ರ ನವೆಂಬರ್ 1ರಿಂದ ಕೇರಳದಲ್ಲಿದ್ದೇವೆ. ಆದ್ದರಿಂದ ಕೇರಳದ 1975ರ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ ನಮಗೆ ಅನ್ವಯಿಸುತ್ತದೆ. ಗಡಿಯಾಚೆ ದಕ್ಷಿಣ ಕನ್ನಡದ ನೆಂಟರ ಮನೆಯ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚಬಾರದು. ತರವಾಡು ಮನೆಯ (ಕುಟುಂಬದ ಮೂಲಮನೆಯ) ಸಾಮಾನಿಗೆ ಎಷ್ಟು ಮಂದಿ ಹಕ್ಕುದಾರರು ಎಂಬ ತಕರಾರು ಇದ್ದರೆ ವಕೀಲರಲ್ಲಿ ಒಮ್ಮೆ ಕೇಳಿ ಮುಂದುವರಿಯಿರಿ.

ದಿನಬಳಕೆಯ ಪಾತ್ರೆಗಳಿಗೆ ಇಷ್ಟೆಲ್ಲ ಬೇಕೇ ಎಂದರೆ, ಒಂದು ಸರಳ ದಾರಿ ಇದೆ. ಪಟ್ಟಿಯನ್ನು ಫೋಟೋ ಸಹಿತ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ, ಯಾರಿಗೆ ಏನು ಬೇಕು ಎಂದು ಕೇಳಿ, ಸಮಯ ಕೊಡಿ. ಯಾರಿಗೂ ಬೇಡವಾದದ್ದನ್ನು ಮಾರಿ ಹಣ ಹೇಗೆ ಹಂಚುವುದು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ದೊಡ್ಡ ಹರಾಜು ಸಂಸ್ಥೆಗಳು ಮಾಲೀಕತ್ವದ ಬಗ್ಗೆ ಕೇಳಿದಾಗಲೂ ಆ ಹಾಳೆ ಉಪಯೋಗಕ್ಕೆ ಬರುತ್ತದೆ.

ದೈವದ ಕಡ್ಸಲೆ (ಖಡ್ಗ), ಮೊಗ (ಮುಖವಾಡ), ದೇವರ ಕೋಣೆಯ ವಿಗ್ರಹಗಳನ್ನು ಮಾರಬಹುದೇ?

ದೈವದ ಭಂಡಾರದ ಸೊತ್ತು ಯಾವ ಒಬ್ಬರ ಮನೆಯದೂ ಅಲ್ಲ. ಅದು ಸ್ಥಾನಕ್ಕೆ, ಕುಟುಂಬಕ್ಕೆ, ಊರಿಗೆ ಸೇರಿದ್ದು. ಮೊಗ, ಕಡ್ಸಲೆ, ಅಣಿ ಆಭರಣಗಳನ್ನು ಹರಾಜಿಗೆ ಹಾಕುವುದೆಂದರೆ ನಿಮ್ಮದಲ್ಲದ್ದನ್ನು ಮಾರಿದಂತೆ. ಕೋಲ ನಿಂತುಹೋಗಿದೆ, ನೋಡಿಕೊಳ್ಳುವವರಿಲ್ಲ ಎಂದಾದರೆ ಕುಟುಂಬದ ಹಿರಿಯರು, ಗುತ್ತಿನವರು, ಸ್ಥಾನದವರು ಸೇರಿ ತೀರ್ಮಾನಿಸಲಿ.

ಸ್ವಂತ ದೇವರ ಕೋಣೆಯ ವಿಗ್ರಹ ನಿಮ್ಮದೇ ಆಗಿದ್ದರೂ, ಅದು 100 ವರ್ಷ ದಾಟಿದ ಲೋಹದ ಅಥವಾ ಕಲ್ಲಿನ ಶಿಲ್ಪವಾದರೆ ನೋಂದಣಿಯ ನಿಯಮ ಇದೆ. ಅದನ್ನು ಮುಂದೆ ಹೇಳಿದ್ದೇನೆ.

ನಮ್ಮ ಮನೆಯ ಸಾಮಾನಿನಲ್ಲಿ ಯಾವುದಕ್ಕೆ ಬೆಲೆ ಬರುತ್ತದೆ?

ಹಳೆಯದು ಎಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಎಷ್ಟು ಚೆನ್ನಾಗಿ ಉಳಿದಿದೆ, ಈ ಮೂರೂ ಕೂಡಿ ಬರಬೇಕು.

ಎರಕ ಹೊಯ್ದ ದಪ್ಪ ಕಂಚಿನ ಉರುಳಿಗೆ, ಒಳ್ಳೆಯ ಕೆಲಸದ ಗಿಂಡಿಗೆ, ಕಾಲುದೀಪ ತೂಗುದೀಪಗಳಿಗೆ ಯಾವಾಗಲೂ ಕೊಳ್ಳುವವರಿದ್ದಾರೆ. ಕೇರಳದ ಉಳಿದ ಭಾಗದಲ್ಲೂ ಇವು ಪರಿಚಿತವಾದ್ದರಿಂದ ವಿವರಣೆಯಲ್ಲಿ ಕಿಂಡಿ, ನಿಲವಿಳಕ್ಕ್ ಎಂಬ ಮಲಯಾಳ ಹೆಸರುಗಳನ್ನೂ ಸೇರಿಸಿದರೆ ಹುಡುಕುವವರ ಕಣ್ಣಿಗೆ ಬೀಳುತ್ತದೆ. ಕೆತ್ತನೆಯ ಚೆನ್ನೆಮಣೆ (ಅಳಗುಳಿಮಣೆ), ಹಿತ್ತಾಳೆಯ ಅಡಕೆ ಕತ್ತರಿ, ಸುಣ್ಣದ ಕರಡಿಗೆ, ಎಲೆಪೆಟ್ಟಿಗೆಗಳು ಸಣ್ಣವು, ಕಳುಹಿಸಲು ಸುಲಭ; ಹರಾಜಿಗೆ ಹೇಳಿ ಮಾಡಿಸಿದಂಥವು. ಅಕ್ಷರ ಕೊರೆದ ಸೇರು, ಕಳಸೆ, ಪಾವುಗಳಂಥ ಅಳತೆಯ ಪಾತ್ರೆಗಳನ್ನೂ ಕಡೆಗಣಿಸಬೇಡಿ.

ದೇವರ ಕೋಣೆಯ ಗೋಡೆಯಲ್ಲಿರುವ ಹಳೆ ಚೌಕಟ್ಟಿನ ಪಟಗಳನ್ನು ಹತ್ತಿರದಿಂದ ನೋಡಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರ ಪಟಗಳು ನಮ್ಮ ಕಡೆಯ ಮನೆಗಳನ್ನೂ ಮುಟ್ಟಿದ್ದವು. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರಿದ್ದರೆ, ಅಂಚು ಕತ್ತರಿಸಿರದಿದ್ದರೆ, ಸಂಗ್ರಹಕಾರರು ಆಸಕ್ತಿ ತೋರುತ್ತಾರೆ. ಚೌಕಟ್ಟಿನಿಂದ ಬಿಡಿಸಲು ಹೋಗಬೇಡಿ, ಕಾಗದ ಗಾಜಿಗೆ ಅಂಟಿಕೊಂಡಿರುತ್ತದೆ.

ಗೋಡೆ ಗಡಿಯಾರಕ್ಕೆ ಕೀಲಿ, ಲೋಲಕ ಎರಡೂ ಇರಬೇಕು. ಗ್ರಾಮಫೋನಿನ ವಿಷಯದಲ್ಲಿ ಜಾಗ್ರತೆ. ದೊಡ್ಡ ಹಿತ್ತಾಳೆ ಕಹಳೆ, ಹೊಳೆಯುವ ನಾಯಿಯ ಲಾಂಛನ ಇರುವ ಯಂತ್ರಗಳಲ್ಲಿ ಅನೇಕವು ಈಚೆಗೆ ಬಿಡಿಭಾಗ ಜೋಡಿಸಿ ಅಲಂಕಾರಕ್ಕಾಗಿ ಮಾಡಿದವು. ನಮ್ಮ ಮನೆಗಳಲ್ಲಿ ನಿಜವಾಗಿ ಇದ್ದದ್ದು ಹೆಚ್ಚಾಗಿ ಸೂಟ್‌ಕೇಸಿನಂತೆ ಮುಚ್ಚುವ ಪೆಟ್ಟಿಗೆಗಳು. ಹಳೆಯ ತಟ್ಟೆಗಳು ಅರಗಿನವು, ಕೈಜಾರಿದರೆ ಚೂರಾಗುತ್ತವೆ. ಯಕ್ಷಗಾನದ ಪದ, ಕನ್ನಡ ನಾಟಕದ ಹಾಡುಗಳ ತಟ್ಟೆ ಸಿಕ್ಕಿದರೆ ಮಾರುವ ಮೊದಲು ಯಾರಿಂದಾದರೂ ಧ್ವನಿಯನ್ನು ನಕಲು ಮಾಡಿಸಿಕೊಳ್ಳಿ.

ಪತ್ತಾಯ (ಭತ್ತ ತುಂಬಿಡುವ ಮರದ ಪೆಟ್ಟಿಗೆ), ಮಂಚ, ತೊಟ್ಟಿಲು, ಹಳೆ ಬಾಗಿಲು, ಕಂಬಗಳು ದೂರ ಸಾಗಿಸಲು ಆಗದ ಸಾಮಾನು. "ಸ್ಥಳಕ್ಕೆ ಬಂದು ಒಯ್ಯಬೇಕು" ಎಂದು ಬರೆದು ಹತ್ತಿರದವರಿಗೆ ಮಾತ್ರ ಹಾಕಿ.

ಡಬ್ಬಿ ತುಂಬ ಹಳೆ ನಾಣ್ಯಗಳಿವೆ. ಲಕ್ಷಗಟ್ಟಲೆ ಬರುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಆದರೆ ನೋಡದೆ ಕೊಟ್ಟರೆ ನಷ್ಟವಾಗುವ ಕೆಲವು ನಾಣ್ಯಗಳೂ ಅದೇ ಡಬ್ಬಿಯಲ್ಲಿರಬಹುದು.

1835ರ ಈಸ್ಟ್ ಇಂಡಿಯಾ ಕಂಪೆನಿಯ ಕಾಲಾಣೆ, 1943ರಿಂದ 1947ರವರೆಗಿನ ತೂತಿನ ಕಾಸು ಇವೆರಡೂ ಪ್ರತಿ ಮನೆಯಲ್ಲೂ ಇರುತ್ತವೆ. ಇವು ಅಪಾರ ಸಂಖ್ಯೆಯಲ್ಲಿ ಉಳಿದಿರುವುದರಿಂದ ಬೆಲೆ ಕಡಿಮೆ.

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನದರಲ್ಲಿ ಶೇಕಡಾ 91.7ರಷ್ಟು ಬೆಳ್ಳಿ, ಎಂದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ ಇದೆ. 1940ರಿಂದ 1945ರವರೆಗಿನದರಲ್ಲಿ ಅರ್ಧ ಮಾತ್ರ ಬೆಳ್ಳಿ. 1946, 1947ರ ರೂಪಾಯಿ ನಿಕ್ಕಲಿನದು, ಅಯಸ್ಕಾಂತಕ್ಕೆ ಅಂಟುತ್ತದೆ. ಆ ದಿನದ ಬೆಳ್ಳಿಯ ದರದಿಂದ ಲೆಕ್ಕ ಹಾಕಿದರೆ ಬರುವ ಮೊತ್ತ ನಿಮ್ಮ ಕೆಳಗಿನ ಗಡಿ. ಅದಕ್ಕಿಂತ ಕಡಿಮೆಗೆ ಯಾರಿಗೂ ಕೊಡಬೇಡಿ.

ಇನ್ನು ಇಸವಿಯ ಮಾತು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ನೋಡಿ ಬಹಳ ಅಪರೂಪ ಎಂದುಕೊಳ್ಳುವವರಿದ್ದಾರೆ. ನಿಜ ಏನೆಂದರೆ ಆ ಇಸವಿಯನ್ನೇ ಇಟ್ಟುಕೊಂಡು 1874ರವರೆಗೂ ರೂಪಾಯಿ ಟಂಕಿಸಿದರು, ಹಾಗಾಗಿ ಅದು ಧಾರಾಳವಾಗಿ ಸಿಗುತ್ತದೆ. 1911ರ ಐದನೇ ಜಾರ್ಜ್ ರೂಪಾಯಿಯ ಕತೆ ಬೇರೆ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಆಕ್ಷೇಪಿಸಿದ್ದರಿಂದ ಸರಕಾರ ಅದನ್ನು ಹಿಂದಕ್ಕೆ ಪಡೆದು ಮರುವರ್ಷ ಚಿತ್ರ ತಿದ್ದಿತು. ಆ ವರ್ಷದ ರೂಪಾಯಿಯನ್ನು ಸಂಗ್ರಹಕಾರರು ಹುಡುಕುತ್ತಾರೆ. 1939ರ ಬೆಳ್ಳಿ ರೂಪಾಯಿಯೂ ವಿರಳ. ಅದಕ್ಕೇ ಅದರ ನಕಲಿಗಳೂ ಹೆಚ್ಚು. ತಜ್ಞರಿಗೆ ತೋರಿಸದೆ ಬೆಲೆ ಹೇಳಬೇಡಿ.

ಟಿಪ್ಪುವಿನ ಆನೆ ಚಿತ್ರದ ತಾಮ್ರದ ನಾಣ್ಯ, ಕಣ್ಣೂರಿನ ಅಲಿ ರಾಜರ ಪುಟ್ಟ ಬೆಳ್ಳಿ ನಾಣ್ಯ, ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯ ವಿ.ಒ.ಸಿ. ಗುರುತಿನ ಕಾಸುಗಳು ನಮ್ಮ ಕರಾವಳಿಯ ಇತಿಹಾಸಕ್ಕೆ ಸೇರಿದವು. ಇವುಗಳನ್ನು ಬೇರೆಯಾಗಿಡಿ. ಚಿನ್ನದ ಪವನು (ಸಾವರಿನ್ ನಾಣ್ಯ) ಇದ್ದರೆ ಆಭರಣದಂಗಡಿಗೆ ಕರಗಿಸಲು ಒಯ್ಯುವ ಮೊದಲು ಇಸವಿ ನೋಡಿ. ಮುಂಬೈಯಲ್ಲಿ ಬ್ರಿಟಿಷ್ ಪವನು ಟಂಕಿಸಿದ್ದು 1918ರಲ್ಲಿ ಮಾತ್ರ. ಇಸವಿಯ ಮೇಲೆ ನೆಲದ ಗೆರೆಯಲ್ಲಿ ಇಂಗ್ಲಿಷಿನ ಸಣ್ಣ "ಐ" ಅಕ್ಷರ ಇರುತ್ತದೆ. ಸರಕ್ಕೆ ಪೋಣಿಸಲೆಂದು ಕುಣಿಕೆ ಬೆಸೆದ ನಾಣ್ಯಕ್ಕೆ ಮಾತ್ರ ಲೋಹದ ಬೆಲೆಯೇ ಗತಿ.

ತೋಟಕ್ಕೆ ಗುಂಡಿ ತೋಡುವಾಗ ಸಿಕ್ಕಿದ ಕುಡಿಕೆ ಪಿತ್ರಾರ್ಜಿತ ಅಲ್ಲ. ಅದು ನಿಧಿ, ಜಿಲ್ಲಾ ಕಲೆಕ್ಟರರಿಗೆ ತಿಳಿಸಲೇಬೇಕು.

ವೈಷ್ಣೋದೇವಿ ನಾಣ್ಯ, ರಾಮಪಟ್ಟಾಭಿಷೇಕದ ಟಂಕ, ಅಕ್ಕಿ ಎಳೆಯುವ ಚೆಂಬು... ಇವಕ್ಕೆ ಕೋಟಿ ಕೊಡುತ್ತಾರಂತೆ?

ಯಾರೂ ಕೊಡುವುದಿಲ್ಲ. ವೈಷ್ಣೋದೇವಿ ಚಿತ್ರದ 5 ಮತ್ತು 10 ರೂಪಾಯಿ ನಾಣ್ಯ 2012ರ ಮಾಲೆಯವು, ಅಂಗಡಿಯಲ್ಲಿ ಚಿಲ್ಲರೆಯಾಗಿ ನಡೆಯುತ್ತವೆ. ಒಂದು ಕಡೆ ರಾಮ ಸೀತೆ ಅಥವಾ ಹನುಮಂತ, ಇನ್ನೊಂದು ಕಡೆ "ಈಸ್ಟ್ ಇಂಡಿಯಾ ಕಂಪೆನಿ, 1818" ಎಂದಿರುವ ತಾಮ್ರದ ಬಿಲ್ಲೆಯನ್ನು ಕಂಪೆನಿ ಟಂಕಿಸಿಯೇ ಇಲ್ಲ. ಅದು ಜಾತ್ರೆಗಳಲ್ಲಿ ಮಾರಲು ಮಾಡಿದ್ದು. ಭಕ್ತಿಯಿಂದ ದೇವರ ಪೀಠದಲ್ಲಿಟ್ಟಿದ್ದರೆ ಅಲ್ಲೇ ಇರಲಿ.

ಅಕ್ಕಿಕಾಳನ್ನು ಎಳೆಯುವ ತಾಮ್ರದ ಪಾತ್ರೆ, "ಇರಿಡಿಯಂ" ಚೆಂಬು ಎಂಬುದೆಲ್ಲ ಶುದ್ಧ ವಂಚನೆ. ಪರೀಕ್ಷೆಯ ಖರ್ಚು, ವಿಜ್ಞಾನಿಯ ಶುಲ್ಕ ಎಂದು ಮನೆಯವರಿಂದಲೇ ಹಣ ಕೀಳುವುದು ಅವರ ದಾರಿ. ರಿಸರ್ವ್ ಬ್ಯಾಂಕಿನ ಹೆಸರಲ್ಲೂ ಇಂಥದೇ ನಡೆಯುತ್ತದೆ. "ನಿಮ್ಮ ಹಳೆ ನೋಟಿಗೆ 10 ಲಕ್ಷ ಮಂಜೂರಾಗಿದೆ, ತೆರಿಗೆ ಕಟ್ಟಿ" ಎಂದು ಫೋನ್ ಬರುತ್ತದೆ. ಹಳೆ ನಾಣ್ಯ, ನೋಟುಗಳ ಖರೀದಿ ಮಾರಾಟದಲ್ಲಿ ತಾನು ತೊಡಗುವುದಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಹೊರಡಿಸಿದೆ.

ಅಜ್ಜಿಯ ಪೆಟ್ಟಿಗೆಯಲ್ಲಿ ರದ್ದಾದ 500, 1000ದ ನೋಟುಗಳು ಸಿಕ್ಕಿವೆ.

2017ರ ಕಾಯ್ದೆಯಂತೆ ಅಂಥ ನೋಟು ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ ಮತ್ತು ನಾಣ್ಯಸಂಗ್ರಹಕ್ಕಾದರೆ 25ರವರೆಗೆ. ಕಟ್ಟುಗಟ್ಟಲೆ ಕೊಳ್ಳುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ.

ಹಳೆ ಕಾಗದ, ತಾಳೆಗರಿ, ಪತ್ರಗಳಿಗೆ ಬೆಲೆ ಇದೆಯೇ? ಗೆದ್ದಲು ಹಿಡಿದಿದೆ, ಸುಟ್ಟುಬಿಡೋಣ ಎಂದಿದ್ದೆವು.

ದಯವಿಟ್ಟು ಸುಡಬೇಡಿ. ಈ ಇಡೀ ಪ್ರಶ್ನೋತ್ತರದಲ್ಲಿ ನಾನು ಕೈಮುಗಿದು ಕೇಳುವುದು ಇದೊಂದನ್ನೇ.

ತುಳುವಿಗೆ ಹಳೆಯ ಕಾವ್ಯವೇ ಇಲ್ಲ ಎಂದು ತಿಳಿದಿದ್ದ ಕಾಲದಲ್ಲಿ, ನಮ್ಮದೇ ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ತಾಳೆಗರಿಗಳನ್ನು ಹುಡುಕಿ ಓದಿ ತುಳು ಕಾವ್ಯಗಳನ್ನು ಬೆಳಕಿಗೆ ತಂದರು. ಅಂಥ ಗರಿಗಳು ಉಳಿದು ಬಂದದ್ದು ಮನೆಗಳ ಪೆಟ್ಟಿಗೆಗಳಲ್ಲಿ, ದೇವರ ಕೋಣೆಗಳಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಮುತ್ತ ಯಕ್ಷಗಾನ ಪ್ರಸಂಗಗಳ ಕೈಬರಹದ ಪುಸ್ತಕಗಳು ಇನ್ನೂ ಇರಬಹುದು. ನಿಮ್ಮ ಮನೆಯ ಗರಿಯಲ್ಲಿ ಇರುವುದು ಬರೀ ಮಂತ್ರವೋ, ಔಷಧದ ಪಟ್ಟಿಯೋ, ಯಾರೂ ನೋಡದ ಕಾವ್ಯವೋ ಎಂದು ಓದಬಲ್ಲವರಿಗೆ ತೋರಿಸದೆ ಗೊತ್ತಾಗುವುದಿಲ್ಲ.

ತಾಳೆಗರಿಯನ್ನು ಹರಾಜಿಗೆ ಹಾಕಬೇಡಿ ಎಂದೇ ನನ್ನ ಸಲಹೆ. ಕೊಳ್ಳುವವರು ಹೆಚ್ಚಾಗಿ ಅಲಂಕಾರಕ್ಕೆ ಒಂದೊಂದೇ ಗರಿ ಬಿಡಿಸಿ ಚೌಕಟ್ಟು ಹಾಕಿಸುತ್ತಾರೆ. ಕಟ್ಟು ಚದುರಿದ ಮೇಲೆ ಕೃತಿ ಹೋದಂತೆಯೇ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದಂಥ ಕಡೆ ಮೊದಲು ವಿಚಾರಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಪ್ರತಿ ಗರಿಯ ಎರಡೂ ಬದಿಯ ಫೋಟೋವನ್ನಾದರೂ ತೆಗೆಸಿ ಇಡಿ.

ಕಾಗದಗಳಲ್ಲಿ ಮೂರು ಬಗೆ ಮಾಡಿಕೊಳ್ಳಿ. ಮೂಲಗೇಣಿ, ಚಾಲಗೇಣಿ ಚೀಟು (ಶಾಶ್ವತ ಮತ್ತು ತಾತ್ಕಾಲಿಕ ಗೇಣಿಯ ಪತ್ರ), ಕ್ರಯಪತ್ರ, ಪಾಲುಪಟ್ಟಿಗಳು ಜಾಗದ ದಾಖಲೆಗಳು. ಅವುಗಳ ಛಾಪಾ ಕಾಗದವನ್ನು ಸಂಗ್ರಹಿಸುವವರಿದ್ದಾರೆ ನಿಜ, ಆದರೆ ನಾಳೆ ಗಡಿ ತಕರಾರು ಬಂದರೆ ಅವು ಬೇಕು, ಮಾರಬೇಡಿ. ಮನೆಯವರ ಖಾಸಗಿ ಪತ್ರಗಳನ್ನು ಓದಿ, ಬದುಕಿರುವವರ ಮಾನಕ್ಕೆ ಧಕ್ಕೆ ಬರುವಂಥದ್ದು ಇದ್ದರೆ ತೆಗೆದಿಡಿ. ಉಳಿದ ಲಕೋಟೆ, ಕಾರ್ಡುಗಳು ಹರಾಜಿಗೆ ಬಹಳ ಒಳ್ಳೆಯವು. 1956ಕ್ಕೆ ಮೊದಲು ನಾವು ಮದ್ರಾಸಿಗೆ ಸೇರಿದ ಸೌತ್ ಕೆನರಾ ಜಿಲ್ಲೆಯಲ್ಲಿದ್ದೆವು. ಆ ವಿಳಾಸ, ನಮ್ಮ ಸಣ್ಣ ಊರುಗಳ ಅಂಚೆ ಮುದ್ರೆ ಇರುವ ಲಕೋಟೆಯನ್ನು ಅಂಚೆ ಇತಿಹಾಸದ ಸಂಗ್ರಹಕಾರರು ಹುಡುಕುತ್ತಾರೆ. ಅಂಚೆಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿದಿರೋ, ಬೆಲೆಯ ಬಹುಪಾಲು ಅಲ್ಲೇ ಹೋಯಿತು. ಲಕೋಟೆ ಇಡಿಯಾಗಿರಲಿ.

ನೂರು ವರ್ಷ ದಾಟಿದ ಸಾಮಾನು ಮಾರಿದರೆ ಕೇಸು ಆಗುತ್ತದೆಯೇ?

ದೇಶದೊಳಗೆ ನಿಮ್ಮ ಸ್ವಂತದ್ದನ್ನು ಮಾರುವುದಕ್ಕೆ ಸಾರಾಸಗಟು ನಿಷೇಧ ಇಲ್ಲ. ಆದರೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯನ್ನು ತಿಳಿದಿರಬೇಕು. 100 ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಮತ್ತು ದಾಖಲೆಗಳು ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಅವುಗಳಲ್ಲಿ ಕಲ್ಲು, ಲೋಹ, ಸುಡುಮಣ್ಣು, ಮರದ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರವಿರುವ ಹಸ್ತಪ್ರತಿಗಳಂಥ ಕೆಲವು ಬಗೆಗಳನ್ನು ನೋಂದಣಾಧಿಕಾರಿಯಲ್ಲಿ ನೋಂದಾಯಿಸಿರಬೇಕು. ಕೈ ಬದಲಾದಾಗಲೂ ತಿಳಿಸಬೇಕು. ಅಡುಗೆಯ ಉರುಳಿ ಶಿಲ್ಪವಲ್ಲ. ಆದರೆ ಮೂರ್ತಿಗಳಿರುವ ದೀಪದ ಬಗ್ಗೆ ಸಂಶಯವಿದ್ದರೆ ಪುರಾತತ್ವ ಇಲಾಖೆಯಲ್ಲೇ ಕೇಳಿ.

ಪ್ರಾಚ್ಯವಸ್ತುಗಳನ್ನು ಕೊಂಡು ಮಾರುವುದನ್ನೇ ವ್ಯಾಪಾರ ಮಾಡಿಕೊಂಡರೆ ಲೈಸೆನ್ಸ್ ಬೇಕು. ನೆರೆಕರೆಯವರ ಮನೆಯ ಸಾಮಾನನ್ನೂ ಸೇರಿಸಿ ಮಾರಲು ಶುರು ಮಾಡುವವರು ಇದನ್ನು ನೆನಪಿಡಿ.

ಹೊರದೇಶಕ್ಕೆ ಕಳುಹಿಸುವುದು ಖಾಸಗಿಯವರಿಗೆ ನಿಷಿದ್ಧ, ಜೈಲುಶಿಕ್ಷೆ ಇದೆ. ಮಾರಿದರೆ ಮಾತ್ರ ಎಂದಲ್ಲ. ದುಬೈಯಲ್ಲಿರುವ ಮಗನ ಹೊಸ ಮನೆಗೆ ಅಜ್ಜನ ಕಾಲದ ವಿಗ್ರಹವನ್ನು ಲಗೇಜಿನಲ್ಲಿ ಹಾಕಿ ಕಳುಹಿಸಿದರೂ ಅದು ರಫ್ತೇ. ನೂರು ವರ್ಷ ಆಗಿರದ, ಆದರೆ ಹಳೆಯದಾಗಿ ಕಾಣುವ ವಸ್ತುವಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಇದು ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ.

ಜಿಂಕೆಯ ಕೊಂಬು, ಆನೆದಂತದ ಗೊಂಬೆ, ಹುಲಿಯುಗುರು, ಹಳೆ ಕೋವಿ?

ನಾಲ್ಕನ್ನೂ ಹರಾಜಿಗೆ ಹಾಕಬೇಡಿ, ಫೋಟೋ ಸಹ ಏರಿಸಬೇಡಿ. ಕಡವೆ, ಜಿಂಕೆ, ಹುಲಿ, ಆನೆಗಳ ಯಾವ ಭಾಗವನ್ನೂ ಮಾರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ; ಎಷ್ಟು ತಲೆಮಾರು ಹಳೆಯದಾದರೂ ಅಷ್ಟೇ. ಮಾಲೀಕತ್ವದ ಪ್ರಮಾಣಪತ್ರ ಇಲ್ಲದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕೋವಿಯ ಲೈಸೆನ್ಸ್ ಇದ್ದವರು ತೀರಿಕೊಂಡಿದ್ದರೆ ಅದನ್ನು ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಗೆ ಒಪ್ಪಿಸಿ.

ಎಲ್ಲಿ ಮಾರುವುದು ಒಳ್ಳೆಯದು?

ವಸ್ತುವಿನ ಮೇಲೆ ಹೋಗುತ್ತದೆ. ಒಳ್ಳೆಯ ನಾಣ್ಯ, ನೋಟು, ಪದಕಗಳಿಗೆ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ಆಕ್ಷನ್ಸ್ ತರಹದ ಹರಾಜು ಸಂಸ್ಥೆಗಳಿವೆ. ಅವರು ವಸ್ತುವನ್ನು ನೋಡಿ, ಅಂದಾಜು ಬೆಲೆ ಹೇಳಿ, ಕ್ಯಾಟಲಾಗ್ ಮಾಡಿ, ಆನ್‌ಲೈನಿನಲ್ಲೂ ಕೂಗು ನಡೆಸುತ್ತಾರೆ. ಕಲಾಕೃತಿಗಳಿಗೆ 2000ದಲ್ಲಿ ಶುರುವಾದ ಸ್ಯಾಫ್ರನ್‌ಆರ್ಟ್‌ನಂಥವು ಇವೆ. ಇಂಥ ಕಡೆ ಸಾಧಾರಣ ಸಾಮಾನು ತೆಗೆದುಕೊಳ್ಳುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಮಾರುವವರಿಂದ ಹಿಡಿಯುವ ಕಮಿಷನ್ ಎಷ್ಟು, ಫೋಟೋ ಮತ್ತು ವಿಮೆಗೆ ಬೇರೆ ಹಣವೇ, ಮಾರಾಟವಾಗದಿದ್ದರೆ ವಾಪಸು ಕಳುಹಿಸುವ ಖರ್ಚು ಯಾರದು, ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಈಬೇಯ ಭಾರತದ ತಾಣ 2018ರಲ್ಲೇ ಮುಚ್ಚಿದೆ. ಅದರ ಹೊರದೇಶದ ತಾಣಗಳಿಗೆ ಇಲ್ಲಿಂದ ಮಾರಬಹುದು. ಆದರೆ ಅದು ರಫ್ತು ಆದ್ದರಿಂದ ಮೇಲಿನ ನೂರು ವರ್ಷದ ನಿಯಮ ಅಲ್ಲಿ ಪೂರ್ತಿ ಅನ್ವಯ. ಒಎಲ್ಎಕ್ಸ್ ಹರಾಜಲ್ಲ, ಜಾಹೀರಾತು. ಪತ್ತಾಯ, ಮಂಚದಂಥ ಭಾರದ ಸಾಮಾನಿಗೆ ಅದು ಸಾಕು. ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಸಂಗ್ರಹಕಾರರದ್ದೇ ಹರಾಜು ಗುಂಪುಗಳಿವೆ. ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರ, ಸಣ್ಣ ಹಿತ್ತಾಳೆ ಸಾಮಾನುಗಳಿಗೆ ಅಲ್ಲಿ ಒಳ್ಳೆಯ ಪೈಪೋಟಿ ಇರುತ್ತದೆ. ಸೇರಿದ ಕೂಡಲೇ ಮಾರಬೇಡಿ. ಕೆಲವು ವಾರ ಸುಮ್ಮನೆ ನೋಡುತ್ತಾ ಯಾರು ಮಾತಿಗೆ ತಪ್ಪದವರು ಎಂದು ತಿಳಿದುಕೊಳ್ಳಿ.

ಆರಂಭದ ಬೆಲೆ ಎಷ್ಟು ಇಡಲಿ?

ಮೊದಲು ಇಂಥದೇ ವಸ್ತು ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ನೋಡಿ. ಜನ ಕೇಳುತ್ತಿರುವ ಬೆಲೆಗೆ ಅರ್ಥವಿಲ್ಲ. ಕೈಗೆ ಬಂದ ಬೆಲೆಯೇ ಬೆಲೆ. ಹರಾಜು ಸಂಸ್ಥೆಗಳ ಹಳೆಯ ಕ್ಯಾಟಲಾಗುಗಳಲ್ಲಿ ಕೊನೆಯ ಕೂಗಿನ ಮೊತ್ತ ಇರುತ್ತದೆ, ಈಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ.

ಆರಂಭದ ಬೆಲೆ ತಗ್ಗಿದ್ದರೆ ಹೆಚ್ಚು ಜನ ಒಳಗೆ ಬರುತ್ತಾರೆ, ಕೂಗು ಏರುತ್ತದೆ. ಆದರೆ ಇಬ್ಬರು ಹುಡುಕುಗರಾದರೂ ಇರುವ ವಸ್ತುವಿಗೆ ಮಾತ್ರ ಈ ಉಪಾಯ. ಅಪರೂಪದ್ದಕ್ಕೆ, ಅಥವಾ ಲೋಹದ ಬೆಲೆಯೇ ದೊಡ್ಡದಾಗಿರುವುದಕ್ಕೆ, ಮೀಸಲು ಬೆಲೆ ಇಡಿ. ಅದನ್ನು ಮುಟ್ಟದಿದ್ದರೆ ನೀವು ಮಾರಬೇಕಾಗಿಲ್ಲ. ಅನೇಕ ತಾಣಗಳಲ್ಲಿ ಕೊಳ್ಳುವವರು ತಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸುತ್ತಾರೆ, ಎದುರಾಳಿ ಏರಿದಷ್ಟೇ ತಾಣವೂ ಅವರ ಪರವಾಗಿ ಏರಿಸುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ಕೂಗು ಮಂದವಾಗಿದ್ದರೆ ಗಾಬರಿಯಾಗಿ ಹಿಂದೆಗೆಯಬೇಡಿ. ಬಿಸಿ ಏರುವುದು ಕೊನೆಯ ನಿಮಿಷಗಳಲ್ಲಿ. ಮುಗಿಯುವ ಹೊತ್ತು ಭಾನುವಾರ ರಾತ್ರಿಯಂಥ ಬಿಡುವಿನ ಸಮಯಕ್ಕೆ ಬೀಳುವಂತೆ ನೋಡಿ. ಭಾವನಿಂದಲೋ ಗೆಳೆಯನಿಂದಲೋ ಸುಳ್ಳು ಕೂಗು ಹಾಕಿಸುವುದು ಮೋಸ, ಹೆಸರು ಒಮ್ಮೆ ಕೆಟ್ಟರೆ ಆ ಗುಂಪುಗಳಲ್ಲಿ ಮತ್ತೆ ಯಾರೂ ನಂಬುವುದಿಲ್ಲ.

ಫೋಟೋ, ವಿವರಣೆ ಹೇಗಿರಬೇಕು?

ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ, ಬಿಳಿ ಬಟ್ಟೆಯ ಮೇಲಿಟ್ಟು ತೆಗೆಯಿರಿ, ಫ್ಲ್ಯಾಶ್ ಬೇಡ. ಮುಂದೆ, ಹಿಂದೆ, ತಳ, ಅಕ್ಷರಗಳು, ಪಕ್ಕದಲ್ಲೊಂದು ಅಳತೆಪಟ್ಟಿ. ಬಿರುಕು, ತೇಪೆ, ಬೆಸುಗೆ ಇದ್ದರೆ ಅದರದ್ದೇ ಫೋಟೋ ಹಾಕಿ. ತೂಕ ಗ್ರಾಮಿನಲ್ಲಿ ಕೊಡಿ. ವಯಸ್ಸು ಖಚಿತವಿಲ್ಲದಿದ್ದರೆ "ಮನೆಯವರ ಹೇಳಿಕೆಯಂತೆ ಅಜ್ಜನ ಕಾಲದ್ದು" ಎಂದು ಬರೆಯಿರಿ, "200 ವರ್ಷ ಹಳೆಯದು" ಎಂದು ಊಹಿಸಿ ಬರೆಯಬೇಡಿ. ಮನೆಯ ಹೆಸರು, ಬೆಲೆಬಾಳುವ ಸಾಮಾನು ಇರುವ ಕೋಣೆ, ಒಂಟಿ ಹಿರಿಯರು ವಾಸವಿರುವ ಸಂಗತಿ ಯಾವುದೂ ಹೊರಗೆ ತಿಳಿಯಬಾರದು. ಊರು "ಕಾಸರಗೋಡು ತಾಲೂಕು" ಎಂದರೆ ಸಾಕು.

ಕಳುಹಿಸುವಾಗ ಒಡೆದರೆ ಯಾರ ಹೊಣೆ?

ನಿಮ್ಮದೇ ಎಂದು ತಿಳಿದು ಕಟ್ಟಿ. ಎರಡು ರಟ್ಟಿನ ಪೆಟ್ಟಿಗೆ, ಒಂದರೊಳಗೊಂದು. ನಡುವೆ ಅಲುಗಾಡದಷ್ಟು ತುಂಬಿರಬೇಕು. ಭರಣಿಗೆ ಮುಚ್ಚಳವನ್ನು ಬೇರೆಯಾಗಿ ಸುತ್ತಿ. ಕಟ್ಟುವುದನ್ನು ವಿಡಿಯೋ ಮಾಡಿಟ್ಟರೆ ತಕರಾರಿನಲ್ಲಿ ಆಧಾರವಾಗುತ್ತದೆ. ಅಂಚೆಯಲ್ಲಾಗಲಿ ಕೊರಿಯರಿನಲ್ಲಾಗಲಿ ನಿಜವಾದ ಬೆಲೆಗೆ ವಿಮೆ ಮಾಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಸಾಮಾನು, ಕಾಗದ, ಪಟಗಳನ್ನು ಕಳುಹಿಸದಿರುವುದು ಉತ್ತಮ. ನಮ್ಮ ಮಳೆಯಲ್ಲಿ ಪೆಟ್ಟಿಗೆಯೊಳಗೇ ಬೂಷ್ಟು ಹಿಡಿಯುತ್ತದೆ.

ಹಣ ಪಡೆಯುವಾಗ ಏನು ಜಾಗ್ರತೆ?

ಹಣ ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಹಾಗೆ ಮಾಡಿ ಎನ್ನುವವನು ನಿಮ್ಮ ಖಾತೆಯಿಂದ ತೆಗೆಯಲು ನೋಡುತ್ತಿದ್ದಾನೆ. "ನಾನು ಸೇನೆಯಲ್ಲಿದ್ದೇನೆ, ಲಾರಿ ಕಳುಹಿಸುತ್ತೇನೆ" ಎಂದು ನೋಡದೆಯೇ ಪೂರ್ತಿ ಬೆಲೆಗೆ ಒಪ್ಪುವವರು, ತಪ್ಪಿ ಹೆಚ್ಚು ಹಣ ಹಾಕಿದೆ ವಾಪಸು ಕಳುಹಿಸಿ ಎನ್ನುವವರು, ಇಬ್ಬರನ್ನೂ ದೂರವಿಡಿ. ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕಿನ ಖಾತೆಯಲ್ಲಿ ಮೊತ್ತ ಕಂಡ ಮೇಲೆಯೇ ಪಾರ್ಸೆಲ್ ಹೊರಡಲಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ತೆರಿಗೆ ಕಟ್ಟಬೇಕೇ?

ಪಿತ್ರಾರ್ಜಿತವಾಗಿ ಬಂದದ್ದಕ್ಕೆ ತೆರಿಗೆ ಇಲ್ಲ. ಮಾರಿದಾಗ, ಸ್ವಂತ ಬಳಕೆಯ ಪಾತ್ರೆ, ಪೀಠೋಪಕರಣಗಳ ಲಾಭಕ್ಕೂ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಆಭರಣ, ವರ್ಣಚಿತ್ರ, ಶಿಲ್ಪ, ಕಲಾಕೃತಿ, ಪುರಾತತ್ವ ಸಂಗ್ರಹಗಳು ಮಾತ್ರ ಬಂಡವಾಳ ಆಸ್ತಿ. ಅಜ್ಜ ಕೊಂಡ ಬೆಲೆ ಗೊತ್ತಿಲ್ಲದಿದ್ದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲವಾಗಿ ಹಿಡಿಯಬಹುದು. ಅಜ್ಜ ಇಟ್ಟುಕೊಂಡಿದ್ದ ಕಾಲವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. 2024ರ ಜುಲೈ 23ರಿಂದ ಇಂಥ ದೀರ್ಘಾವಧಿ ಲಾಭಕ್ಕೆ ಶೇಕಡಾ 12.5ರ ದರ. ದೊಡ್ಡ ಮೊತ್ತವಾದರೆ ಲೆಕ್ಕಪರಿಶೋಧಕರಿಗೆ ಕಾಗದ ತೋರಿಸಿ.

ಹರಾಜಿನಲ್ಲಿ ಯಾರೂ ಕೂಗಲಿಲ್ಲ. ಈಗ?

ಕೂಡಲೇ ಬೆಲೆ ಇಳಿಸಬೇಡಿ. ಫೋಟೋ, ಹೆಸರು, ಹಾಕಿದ ಜಾಗ ಸರಿಯಿತ್ತೇ ನೋಡಿ, ಕೆಲವು ತಿಂಗಳು ಬಿಟ್ಟು ಮತ್ತೆ ಹಾಕಿ. ಅದೇ ವಾರ ಮತ್ತೆ ಮತ್ತೆ ಹಾಕಿದರೆ ಇದರಲ್ಲೇನೋ ದೋಷವಿದೆ ಎಂದು ಜನ ಭಾವಿಸುತ್ತಾರೆ. ಸಣ್ಣ ಸಾಮಾನನ್ನು ಜತೆ ಮಾಡಿ ಹಾಕಬಹುದು, ಉದಾಹರಣೆಗೆ ಎಲೆಪೆಟ್ಟಿಗೆ, ಕತ್ತರಿ, ಸುಣ್ಣದ ಕರಡಿಗೆ ಮೂರೂ ಒಂದೇ ಮನೆಯವು ಎಂದು. ಆದರೆ ಒಳ್ಳೆಯದೊಂದನ್ನು ಮುಂದಿಟ್ಟು ಉಳಿದ ಕಸವನ್ನು ಅದರ ಜತೆ ಸಾಗಿಸಲು ಹೋದರೆ ಒಳ್ಳೆಯದರ ಬೆಲೆಯೂ ಇಳಿಯುತ್ತದೆ.

ಮರಿಗೆ, ನೊಗ ನೇಗಿಲು, ಸೇಮಿಗೆ ಒರಳು, ಏತದ ಸಾಮಗ್ರಿಗಳಿಗೆ ಹರಾಜಿನಲ್ಲಿ ಬೆಲೆ ಬರುವುದು ಕಡಿಮೆ. ಇವಕ್ಕೆ ತಕ್ಕ ಜಾಗಗಳು ಹತ್ತಿರದಲ್ಲೇ ಇವೆ: ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುನಾಡಿನ ದಿನಬಳಕೆಯ ವಸ್ತುಗಳನ್ನು ಸಂಗ್ರಹಿಸಿ ಪ್ರದರ್ಶಿಸುತ್ತದೆ, ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಊರಿನ ಶಾಲೆಯೊಂದು ಕೋಣೆ ಕೊಡುವುದಾದರೆ ಅಲ್ಲಿಗೂ ಕೊಡಬಹುದು. ಕೊಡುವಾಗ ನಿಮ್ಮ ನೋಟ್‌ಬುಕ್ಕಿನ ಆ ಪುಟದ ನಕಲನ್ನೂ ಸೇರಿಸಿ ಕೊಡಿ, ಸ್ವೀಕೃತಿ ಪತ್ರ ಪಡೆದುಕೊಳ್ಳಿ.